ಮಿಲ್ ಗಲ್ಲಿಯ ಆಟ-ಸಾಮಾನು: ಬಿನ್ನಿಪೇಟೆ, ಗೋಪಾಲಪುರ, ಮಾಗಡಿ ರೋಡ್ ಕಡೆಯವರು ವಿಧಾನ ಬರೀರಿ

#1 ಮೋರಿಕಟ್ಟೆ

ಬೆಂಗಳೂರಿನ ಮಿಲ್ ಗಲ್ಲಿಗಳ ಬಗ್ಗೆ ಬರೆಯೋರೆಲ್ಲ "ಆ ದಿನಗಳೇ ಚೆಂದ" ಅಂತ ಮುಗಿಸಿಬಿಡ್ತಾರೆ. ಅದನ್ನು ಓದಿದ ಹತ್ತು ವರ್ಷದ ಹುಡುಗಿಗೆ ಬುಗುರಿಗೆ ಚಾಟಿ ಸುತ್ತೋದು ಬರಲ್ಲ. ಹಾಗಾಗಿ ಈ ಚರ್ಚೆಯ ಎಳೆಗೆ ಒಂದೇ ನಿಯಮ: ನಿಮ್ಮ ಕಥೆ ಬೇಡ, ಕೈಕೆಲಸ ಬೇಕು. ಏನು ಸಾಮಾನು, ಎಷ್ಟು ಉದ್ದ, ಎಷ್ಟು ಸುತ್ತು, ಎಲ್ಲಿ ಕೆಡುತ್ತೆ, ಯಾಕೆ ಕೆಡುತ್ತೆ. ಓದಿದವರು ಭಾನುವಾರ ಕೂತು ಮಾಡೋ ಹಾಗಿರಲಿ.

ಜಾಗ ಗೊತ್ತಿಲ್ಲದವರಿಗೆ ಎರಡು ಮಾತು. ಜನ ಬಿನ್ನಿ ಮಿಲ್ಲು ಅಂತ ಕರೀತಿದ್ದ ಬೆಂಗಳೂರು ಉಲ್ಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಶುರುವಾದದ್ದು 1884ರಲ್ಲಿ. ಆ ಜಾಗದಲ್ಲಿ ಈಗ ಅಪಾರ್ಟ್‌ಮೆಂಟ್ ಗೋಪುರಗಳು. ಮಲ್ಲೇಶ್ವರದ ತುದಿಯಲ್ಲಿದ್ದ ರಾಜಾ ಮಿಲ್ಲಿನ ಜಾಗದಲ್ಲಿ ಮಾಲ್. ಗೋಪಾಲಪುರದ ಮಿನರ್ವ ಮಿಲ್ಲನ್ನು 1974ರಲ್ಲಿ ರಾಷ್ಟ್ರೀಕರಣ ಮಾಡಿದರು. ಅದೇ ಹೆಸರಿನ ಮೊಕದ್ದಮೆಯಲ್ಲಿ 1980ರಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪು ಕಾನೂನು ಓದೋರಿಗೆಲ್ಲ ಬಾಯಿಪಾಠ, ಆ ಮಿಲ್ಲು ಯಾವ ಗಲ್ಲಿಯಲ್ಲಿತ್ತು ಅಂತ ಕೇಳಿದ್ರೆ ಮಾತ್ರ ಮುಖ ಮುಖ ನೋಡ್ತಾರೆ.

ಶುರು ಮಾಡಿ. ಬುಗುರಿ, ಗೋಲಿ, ಗಾಳಿಪಟ, ಲಗೋರಿ, ವಠಾರದ ಜಗಲಿ ಆಟ, ಮನೆಕೆಲಸದಲ್ಲಿ ಮಕ್ಕಳ ಪಾಲಿಗೆ ಬರ್ತಿದ್ದದ್ದು, ಎಲ್ಲಾ ನಡೆಯುತ್ತೆ.

#2 ಚಾಟಿ

ಬುಗುರಿಯದ್ದು ನಾನು ಬರೀತೀನಿ.

ಅಂಗಡಿಯಲ್ಲಿ ಈಗ ಸಿಗೋದು ಹೆಚ್ಚಾಗಿ ಪ್ಲಾಸ್ಟಿಕ್. ಅದು ಹಗುರ, ಗುನ್ನ (ಇನ್ನೊಂದು ಬುಗುರಿಯ ಮೊಳೆಯ ಏಟು) ತಾಳಲ್ಲ. ಕಟ್ಟಿಗೆಯದ್ದೇ ಹುಡುಕಿ. ಎತ್ತರ 5-6 ಸೆಂ.ಮೀ., ದಪ್ಪ ಭಾಗದ ಅಡ್ಡಳತೆ 4-5 ಸೆಂ.ಮೀ. ಕೊಳ್ಳುವಾಗ ಮೊಳೆ ಕೆಳಗೆ ಬರೋ ಹಾಗೆ ಎರಡು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿ. ಮೊಳೆಯ ತುದಿ ಒಂದೇ ಚುಕ್ಕಿಯಲ್ಲಿ ನಿಂತಹಾಗೆ ಕಂಡರೆ ಸರಿ, ಸಣ್ಣ ವೃತ್ತ ಬರೀತಿದ್ದರೆ ಮೊಳೆ ಸೊಟ್ಟ. ಅಂಥದ್ದು ಎಷ್ಟು ಚೆನ್ನಾಗಿ ಬಿಟ್ಟರೂ ತಲೆ ಆಡಿಸುತ್ತೆ.

ಸೊಟ್ಟ ಮೊಳೆಯನ್ನು ಸುತ್ತಿಗೆಯಲ್ಲಿ ಬಡಿದು ನೇರ ಮಾಡೋಕೆ ಹೋಗಬೇಡಿ, ಮರ ಸೀಳುತ್ತೆ. ಇಕ್ಕಳದಲ್ಲಿ ಕಿತ್ತುಹಾಕಿ. ಹೊಸ ಒಂದೂವರೆ ಇಂಚಿನ ಮೊಳೆ ತಗೊಂಡು, ಅದಕ್ಕಿಂತ ತೆಳ್ಳಗಿನ ಕಾದ ತಂತಿಯಿಂದ ಮೊದಲು ತೂತು ದಾರಿ ಮಾಡಿ, ಆಮೇಲೆ ಚೂಪು ತುದಿ ಒಳಗೆ ಹೋಗೋ ಹಾಗೆ ಹೊಡೀರಿ. ಹೊರಗೆ 1 ಸೆಂ.ಮೀ. ಉಳಿಸಿ, ಮಿಕ್ಕದ್ದನ್ನು ತಲೆಸಮೇತ ಕತ್ತರಿಸಿ. ಕತ್ತರಿಸಿದ ತುದಿಯನ್ನು ಅರದಲ್ಲೋ ಕಲ್ಲುಚಪ್ಪಡಿ ಮೇಲೋ ಉಜ್ಜಿ ಗುಂಡಗೆ ಮಾಡಿ. ಚೂಪು ಬಿಟ್ಟರೆ ಮಣ್ಣಲ್ಲಿ ಕೊರೆದು ನಿಂತುಬಿಡುತ್ತೆ, ತೀರ ಮೊಂಡಾದರೆ ನೆಲಕ್ಕೆ ಉಜ್ಜಿ ಬೇಗ ಸುಸ್ತಾಗುತ್ತೆ. ಆಮೇಲೆ ಮರಕ್ಕೆ ಕಡಲೆಕಾಯಿ ಎಣ್ಣೆ ಸವರಿ ಒಂದು ರಾತ್ರಿ ಬಿಡಿ, ಬಿರುಕು ಕಡಿಮೆ.

ಚಾಟಿ: ಹತ್ತಿಯದ್ದೇ ಆಗಬೇಕು, ನೈಲಾನ್ ಜಾರುತ್ತೆ. ಉದ್ದ 1.25ರಿಂದ 1.5 ಮೀಟರ್, ದಪ್ಪ ಎರಡೂವರೆ-ಮೂರು ಮಿ.ಮೀ. ಒಂದು ತುದಿಗೆ ಸೋಡಾ ಬಾಟಲಿಯ ತಗಡು ಮುಚ್ಚಳ: ಅಂಚನ್ನು ತಟ್ಟಿ ಚಪ್ಪಟೆ ಮಾಡಿ, ನಡುವೆ ಮೊಳೆಯಲ್ಲಿ ತೂತು ಹೊಡೆದು, ದಾರ ತೂರಿಸಿ ಹಿಂದೆ ಗಂಟು ಹಾಕಿ. ಈ ಬಿಲ್ಲೆ ಬೆರಳಿನ ಸಂದಿಯಿಂದ ದಾರ ಜಾರದ ಹಾಗೆ ತಡೆಯುತ್ತೆ. ಇನ್ನೊಂದು ತುದಿಗೆ ಗಂಟು ಬೇಡ, ಸ್ವಲ್ಪ ಎಳೆ ಬಿಚ್ಚಿ ಕುಚ್ಚು ಬಿಡಿ.

ಸುತ್ತೋದು: ಕುಚ್ಚನ್ನು ನೀರಲ್ಲಿ ಅದ್ದಿ (ಎಂಜಲು ಹಚ್ಚೋದು ವಾಡಿಕೆ, ನೀರೂ ಅದೇ ಕೆಲಸ ಮಾಡುತ್ತೆ). ಮೊಳೆಯ ಬುಡಕ್ಕೆ ಎರಡು ಸುತ್ತು ಬಿಗಿದು, ಅಲ್ಲಿಂದ ಒಂದರ ಪಕ್ಕ ಒಂದು ಬರೋ ಹಾಗೆ ದಪ್ಪ ಭಾಗದವರೆಗೆ ಸುತ್ತಿ. ಸುತ್ತಿನ ಮೇಲೆ ಸುತ್ತು ಏರಬಾರದು. ಬಿಲ್ಲೆಯನ್ನು ತೋರುಬೆರಳು, ನಡುಬೆರಳ ಸಂದಿಯಲ್ಲಿ ಸಿಕ್ಕಿಸಿ, ಮೊಳೆ ಕೆಳಮುಖವಾಗಿ ಹಿಡಿದು, ಮುಂದಕ್ಕೆ ಎಸೆದು, ದಾರ ಪೂರ್ತಿ ಬಿಚ್ಚೋ ಹೊತ್ತಿಗೆ ಹಿಂದಕ್ಕೆ ಎಳೀರಿ. ಎಡಗೈಯವರು ಸುತ್ತುವ ದಿಕ್ಕನ್ನು ಬದಲಿಸಿ.

ಮಗುಚಿ ಬಿದ್ದರೆ ಕೈ ವಾಲಿದೆ ಅಂತ. ತಿರುಗದೆ ಉರುಳಿದರೆ ಸುತ್ತು ಸಡಿಲ. ಮುಖದ ಕಡೆಗೆ ವಾಪಸ್ ಬಂದರೆ ಬೇಗ ಎಳೆದಿದ್ದೀರಿ. ಇದೊಂದು ಅಪಾಯದ್ದು, ಕಲಿಯುವಾಗ ಎದುರಿಗೆ, ಪಕ್ಕಕ್ಕೆ ಯಾರನ್ನೂ ನಿಲ್ಲಿಸಬೇಡಿ.

ಆಟದ ಕ್ರಮ ಗಲ್ಲಿಗೊಂದು. ಸಾಮಾನ್ಯವಾದದ್ದು: ನೆಲದಲ್ಲಿ ಸುಮಾರು ಒಂದು ಮೀಟರ್ ವೃತ್ತ. ಎಲ್ಲರೂ ಒಟ್ಟಿಗೆ ಬಿಡ್ತಾರೆ. ಯಾರದ್ದು ತಿರುಗಲಿಲ್ಲವೋ ಅವರ ಬುಗುರಿ ವೃತ್ತದೊಳಗೆ ಮಲಗಬೇಕು. ಉಳಿದವರು ತಿರುಗೋ ಬುಗುರಿಯಿಂದ ಅದನ್ನು ಹೊಡೆದು ಗೆರೆ ದಾಟಿಸ್ತಾರೆ. ಕೊನೆಗೆ ಸೋತ ಬುಗುರಿಗೆ ಮಾತಾಡಿಕೊಂಡಷ್ಟು ಗುನ್ನ.

#3 ಹುರಿದಾರ

ಚಾಟಿಯನ್ನು ಕೊಳ್ಳೋದೇ ಬೇಡ, ಹೊಸೆದುಕೊಳ್ಳಬಹುದು. ಇದು ಮಿಲ್ ಕೇರಿಗೆ ಸೇರಿದ ವಿದ್ಯೆ.

ಮಿಲ್ಲಿನ ಕೋನಿನಿಂದ (ನೂಲು ಸುತ್ತಿದ ಉಂಡೆ) ಬರೋ ಒಂಟಿ ನೂಲನ್ನು ಹಾಗೇ ಬಳಸಿದರೆ ಹುರಿ ಬಿಚ್ಚಿ ಪಟ್ ಅಂತ ಹೋಗುತ್ತೆ. ನೂಲನ್ನು ನೆಟ್ಟಗೆ ಹಿಡಿದು ಬೆಳಕಿಗೆ ನೋಡಿ. ಓರೆಗೆರೆಗಳು ಕೆಳಗಿನ ಎಡದಿಂದ ಮೇಲಿನ ಬಲಕ್ಕೆ ಹೋಗ್ತಿದ್ದರೆ ಅದು ಒಂದು ದಿಕ್ಕಿನ ಹುರಿ. ಎಳೆ ಹೊಸೆಯುವಾಗ ಅದಕ್ಕೆ ಎದುರು ದಿಕ್ಕು, ಎಳೆಗಳನ್ನು ಕೂಡಿಸುವಾಗ ಮತ್ತೆ ಎಳೆಗೆ ಎದುರು ದಿಕ್ಕು. ಒಂದು ಬಿಚ್ಚೋಕೆ ನೋಡಿದರೆ ಇನ್ನೊಂದು ಬಿಗಿಯಾಗುತ್ತೆ, ಹಗ್ಗ ನಿಲ್ಲೋದೇ ಈ ಜಗಳದಿಂದ.

ಅಳತೆ: 20ನೇ ನಂಬರ್ ಹತ್ತಿ ನೂಲು. ಎರಡು ಮೀಟರ್ ದೂರಕ್ಕೆ ಎರಡು ಮೊಳೆ ಹೊಡೆದು 20 ಸುತ್ತು ಓಡಾಡಿದರೆ 40 ದಾರದ ಒಂದು ಎಳೆ. ಅಂಥ ಮೂರು ಎಳೆ, ಒಟ್ಟು 120 ದಾರ. ಒಂದೊಂದನ್ನೂ ತೊಡೆ ಮೇಲೆ, ಇಲ್ಲವೇ ತುದಿಗೆ ಪೆನ್ಸಿಲ್ ಕಟ್ಟಿ ತಿರುಗಿಸಿ ಹೊಸೀರಿ. ಸಡಿಲ ಬಿಟ್ಟ ತಕ್ಷಣ ತಾನಾಗಿ ಗುಂಗುರು ಸುತ್ತಿಕೊಂಡರೆ ಸಾಕಷ್ಟು ಹುರಿ ಬಂತು ಅಂತ. ಮೂರನ್ನೂ ಒಂದೇ ಬಿಗಿಯಲ್ಲಿ ಇಟ್ಟು ಎದುರು ದಿಕ್ಕಿಗೆ ಕೂಡಿಸಿ. ಎರಡು ಮೀಟರ್ ಹೊಸೆದು ಮುಗಿಯೋ ಹೊತ್ತಿಗೆ ಒಂದೂವರೆ ಮೀಟರಿಗೆ ಇಳಿಯುತ್ತೆ, ದಪ್ಪ ಸುಮಾರು ಎರಡೂವರೆ ಮಿ.ಮೀ. ನೀರಲ್ಲಿ ನೆನೆಸಿ, ಕೆಳಗೆ ಒಂದು ಇಟ್ಟಿಗೆ ಕಟ್ಟಿ ನೇತುಹಾಕಿ ಒಣಗಿಸಿ.

ಎಲ್ಲರೂ ತಪ್ಪೋ ಜಾಗ: ಮೂರು ಎಳೆಗೆ ಬೇರೆ ಬೇರೆ ಬಿಗಿ. ಸಡಿಲವಾದ ಎಳೆ ಉಳಿದೆರಡರ ಮೇಲೆ ಬಳ್ಳಿ ಹಾಗೆ ಹೊರಳಿಕೊಳ್ಳುತ್ತೆ, ಬುಗುರಿ ಮೇಲೆ ಆ ಗುಬ್ಬಿ ಸಿಕ್ಕಿ ಎಸೆತ ಕೆಡುತ್ತೆ.

#4 ಗೇಟ್ ಪಾಸ್

ಒಂದು ತಿದ್ದುಪಡಿ. "ಮಿಲ್ಲಿಂದ ದಾರ ತಂದು" ಅಂತ ಕಥೆ ಹೇಳೋರು ಬಹಳ. ಶಿಫ್ಟ್ ಬಿಟ್ಟಾಗ ಗೇಟಲ್ಲಿ ತಪಾಸಣೆ ಇರೋ ಜಾಗದಿಂದ ಕೋನ್ ಹೊರಗೆ ಬರೋದು ಅಷ್ಟು ಸುಲಭ ಅಲ್ಲ. ಗಲ್ಲಿಗೆ ದಾರ ಬರ್ತಿದ್ದದ್ದು ಬೇರೆ ಕಡೆಯಿಂದ: ಕಬ್ಬನ್‌ಪೇಟೆ, ನಗರ್ತಪೇಟೆಯ ಮಗ್ಗಗಳು, ದರ್ಜಿ ಅಂಗಡಿಗಳು. ಈಗ ಬೇಕಾದ್ರೂ ಅಲ್ಲೇ ಕೇಳಿ. ಹಾರ್ಡ್‌ವೇರ್ ಅಂಗಡಿಯ ಕಾಟನ್ ವೇಸ್ಟ್ ತಂದು ಒದ್ದಾಡಬೇಡಿ. ಅದು ಮೆಷಿನ್ ಒರೆಸೋಕೆ ಸರಿ, ಉದ್ದದ ದಾರ ಅದರಲ್ಲಿ ಇರಲ್ಲ.

#5 ಹುಬ್ಬಳ್ಳಿ ಬಗರಿ

ನಮ್ಮ ಕಡೆ ಬಗರಿ ಅಂತಾರ್ರೀ, ಗಿಲ್ಲಿದಾಂಡಿಗೆ ಚಿಣಿದಾಂಡು. ಮಾತು ಬ್ಯಾರೆ, ಮೊಳಿ ಸೊಟ್ಟ ಆದ್ರ ಗತಿ ಒಂದ. ಒಂದು ಸೇರಸ್ರಿ: ಅಂಗೈ ಮ್ಯಾಲೆ ಬಗರಿ ತಗೊಳ್ಳಾಕ ತೋರಬೆರಳು ನಡಬೆರಳು ಸ್ವಲ್ಪ ಅಗಲ ಮಾಡಿ, ತಿರುಗೋ ಬಗರಿ ಹಿಂದಿನಿಂದ ನೆಲಕ್ಕ ಹತ್ತಿ ಸರಿಸಬೇಕು. ಮ್ಯಾಲಿಂದ ಕೈ ಹಾಕಿದ್ರ ಬಿತ್ತು.

#6 ಚಾಟಿ

ಸರಿ ಹೇಳಿದ್ರಿ. ಬೆಂಗಳೂರಲ್ಲಿ ಚಾಟಿಯಿಂದಲೇ ಬುಗುರಿಯನ್ನು ಮೇಲಕ್ಕೆ ಹಾರಿಸಿ ಹಿಡಿಯೋದಕ್ಕೆ "ಅಪೀಟ್" ಅಂತ ಕೂಗ್ತಾರೆ. ತಮಿಳರ ಬಂಬರದಾಟದಲ್ಲೂ (ಬುಗುರಿ ಆಟ) ಅದೇ ಕೂಗು. ಮಿಲ್ ಗಲ್ಲಿಯಲ್ಲಿ ಕನ್ನಡ, ತಮಿಳು, ತೆಲುಗು, ದಖನಿ ಒಂದೇ ನಲ್ಲಿಯಲ್ಲಿ ನೀರು ಹಿಡಿದಿದ್ದಕ್ಕೆ ಆಟದ ಮಾತು ಯಾರದ್ದು ಅಂತ ವಿಂಗಡಿಸೋಕೆ ಹೋಗಬಾರದು.

#7 ಆಷಾಢದ ಗಾಳಿ

ಗಾಳಿಪಟ. ಗುಜರಾತಿಗೆ ಸಂಕ್ರಾಂತಿ ಹೇಗೋ ಬೆಂಗಳೂರಿಗೆ ಆಷಾಢ ಹಾಗೆ. ಜೂನ್-ಜುಲೈನಲ್ಲಿ ಮುಂಗಾರು ಗಾಳಿ ಪಡುವಣದಿಂದ ಒಂದೇ ಸಮ ಬೀಸುತ್ತೆ, ಮಳೆ ಮಾತ್ರ ಇಲ್ಲಿ ಜಿನುಗು. ಪಶ್ಚಿಮಕ್ಕೆ ಬೆನ್ನು ಹಾಕಿ ನಿಂತರೆ ಪಟ ಪೂರ್ವಕ್ಕೆ ಏರುತ್ತೆ. ಹಾಗಾಗಿ ಜಾಗ ಹುಡುಕುವಾಗ ಪೂರ್ವಕ್ಕೆ ಮರ, ತಂತಿ ಇಲ್ಲದ ಕಡೆ ನೋಡಿ.

ಕಾಗದ: ತೆಳು ಬಣ್ಣದ ಕಾಗದ, 45 ಸೆಂ.ಮೀ. ಚೌಕ. ಮೂಲೆಯಿಂದ ಮೂಲೆಗೆ ಸುಮಾರು 64 ಸೆಂ.ಮೀ. ಬರುತ್ತೆ. ನಡುಕಡ್ಡಿ ಅಷ್ಟೇ ಉದ್ದ, ಅಗಲ 4 ಮಿ.ಮೀ., ದಪ್ಪ 2 ಮಿ.ಮೀ. ಬಿಲ್ಲುಕಡ್ಡಿ 75 ಸೆಂ.ಮೀ., ನಡುವೆ ದಪ್ಪ, ತುದಿಗಳ ಕಡೆ ತೆಳ್ಳಗೆ ಹೆರೆದದ್ದು. ಬಿದಿರಿನ ಸಿಪ್ಪೆ ಭಾಗ ಬಾಗಿನ ಹೊರಮೈಗೆ ಬರಬೇಕು, ಇಲ್ಲದಿದ್ದರೆ ಮುರಿಯುತ್ತೆ. ಬಿಲ್ಲುಕಡ್ಡಿಯನ್ನು ಬೆರಳ ಮೇಲೆ ನಡುವಿಗೆ ಇಟ್ಟು ತೂಗಿ ನೋಡಿ. ಆಮೇಲೆ ಬಾಗಿಸಿ, ಎರಡೂ ಕಡೆ ಒಂದೇ ಥರ ಬಾಗ್ತಿದೆಯಾ ನೋಡಿ. ತೂಕ ಸರಿಯಿದ್ದು ಬಾಗು ಸರಿಯಿಲ್ಲದಿದ್ದರೂ ಪಟ ಒಂದು ಕಡೆಗೆ ಎಳೆಯುತ್ತೆ. ಪಟ ಕಟ್ಟೋದರಲ್ಲಿ ಅರ್ಧ ಹೊತ್ತು ಈ ಒಂದು ಕಡ್ಡಿ ಹೆರೆಯೋಕೇ ಬೇಕು.

ನಡುಕಡ್ಡಿಯನ್ನು ಮೈದಾ ಅಂಟಲ್ಲಿ ಅಂಟಿಸಿ, ಮೇಲೆ ಕಾಗದದ ಪಟ್ಟಿ ಹಚ್ಚಿ. ಬಿಲ್ಲುಕಡ್ಡಿಯ ತುದಿಗಳು ಎಡಬಲ ಮೂಲೆಗೆ, ನಡುಭಾಗ ಮೇಲಿನ ಮೂಲೆಯಿಂದ 16 ಸೆಂ.ಮೀ. ಕೆಳಗೆ ನಡುಕಡ್ಡಿಯನ್ನು ದಾಟಬೇಕು. ದಾಟುವ ಜಾಗ ಕಟ್ಟಿ.

ಸೂತ್ರ (ಪಟವನ್ನು ಹಿಡಿಯೋ ಎರಡು ಕಾಲಿನ ದಾರ): ಮೇಲಿನ ಗಂಟು ಎರಡು ಕಡ್ಡಿ ಸೇರೋ ಕಡೆ, ಕೆಳಗಿನದ್ದು ಪಟದ ಕೆಳಮೂಲೆಯಿಂದ 15 ಸೆಂ.ಮೀ. ಮೇಲೆ. ಎರಡು ದಾರ ಸೇರೋ ಗಂಟಿಗೆ ಅಳೆದರೆ ಕೆಳಗಿನ ಕಾಲು ಮೇಲಿನದ್ದಕ್ಕಿಂತ ಒಂದು ಸೆಂ.ಮೀ. ಉದ್ದ ಇರಲಿ. ಗಾಳಿ ಜೋರಿದ್ದರೆ ಮೇಲಿನ ಕಾಲನ್ನು ಇನ್ನೊಂದಿಷ್ಟು ಗಿಡ್ಡ ಮಾಡಿ, ಪಟ ಗಾಳಿಗೆ ಮಲಗಿ ಎಳೆತ ಇಳಿಸಿಕೊಳ್ಳುತ್ತೆ. ಕೆಳಗಿನ ಕಾಲು ಗಿಡ್ಡವಾದರೆ ಪಟ ಗೋಡೆ ಹಾಗೆ ಎದ್ದು ನಿಂತು ಮೇಲೇರಲ್ಲ.

ಒಂದೇ ಕಡೆಗೆ ಗಿರಕಿ ಹೊಡೆದರೆ ಅದು ವಾಲೋ ಬದಿಯ ಎದುರು ತುದಿಗೆ ಎರಡು ಬೆರಳಗಲದ ಕಾಗದ ಅಂಟಿಸಿ ತೂಕ ಹಾಕಿ. ಎರಡೂ ಕಡೆ ಹುಚ್ಚೆದ್ದು ತಿರುಗಿದರೆ ಬಾಲಂಗೋಚಿ ಬೇಕು: ಹಳೇ ಪಂಚೆಯ ಎರಡು ಬೆರಳಗಲದ ಪಟ್ಟಿ, ಒಂದು ಮೀಟರಿಂದ ಶುರು ಮಾಡಿ, ಸಾಲದಿದ್ದರೆ ಗೇಣು ಗೇಣು ಸೇರಿಸ್ತಾ ಹೋಗಿ.

ಬಿನ್ನಿಪೇಟೆ ಕಡೆ ರೈಲು ಹಳಿ ಹತ್ತಿರ ಬಿಡಲೇಬೇಡಿ. ಮೇಲಿನ ತಂತಿ 25,000 ವೋಲ್ಟ್. ಜಿನುಗು ಮಳೆಗೆ ಒದ್ದೆಯಾದ ಹತ್ತಿ ದಾರವೂ ಕರೆಂಟ್ ತರುತ್ತೆ. ಮಾಗಡಿ ರೋಡ್ ಮೆಟ್ರೋ ದಾರಿಗೂ ಇದೇ ಮಾತು: ಅಲ್ಲಿ ತಲೆ ಮೇಲೆ ತಂತಿ ಇಲ್ಲ, ಹಳಿ ಪಕ್ಕದಲ್ಲೇ 750 ವೋಲ್ಟ್. ಸಿಕ್ಕಿಕೊಂಡ ಪಟ ಹೋಯ್ತು ಅಂತಲೇ ಲೆಕ್ಕ.

#8 ಡೀಲ್ ಬಿಡು

ಮಾಂಜಾ (ಗಾಜಿನ ಪುಡಿ ಹಚ್ಚಿದ ಪಟದ ದಾರ) ವಿಧಾನ ಬರೀಲಿಲ್ವಲ್ಲ? ಗಾಜಿನ ಪುಡಿ ಯಾವ ಜರಡಿಯಲ್ಲಿ ಸೋಸೋದು?

#9 ಆಷಾಢದ ಗಾಳಿ

ಬರೆಯಲ್ಲ. ನೈಲಾನ್ ಹಾಗೂ ಸಿಂಥೆಟಿಕ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶಪೂರ್ತಿ ನಿಷೇಧಿಸಿದೆ. ಹತ್ತಿಯದ್ದಾದರೂ ಗಾಜು ಗಾಜೇ. ಮಿಲ್ ಕಾಲದ ಗಲ್ಲಿಯಲ್ಲಿ ಸೈಕಲ್ ಹೋಗ್ತಿತ್ತು, ಈಗ ಅದೇ ಗಲ್ಲಿಯಲ್ಲಿ ಸ್ಕೂಟರ್ ನಲವತ್ತರಲ್ಲಿ ಹೋಗುತ್ತೆ, ಅಡ್ಡ ಬಂದ ದಾರ ಕುತ್ತಿಗೆ ಮಟ್ಟಕ್ಕೇ ಇರುತ್ತೆ. ಹದ್ದು, ಬಾವಲಿಗಳ ರೆಕ್ಕೆ ಕತ್ತರಿಸೋದು ಬೇರೆ.

ಗಾಜಿಲ್ಲದೆ ಮಾಡೋದಿದೆ, ಅದನ್ನು ಬರೀತೀನಿ. ಎರಡೆಳೆ ಹೊಲಿಗೆ ದಾರ. ಒಂದು ಹಿಡಿ ಅಕ್ಕಿಯ ತೆಳು ಗಂಜಿ, ಬಣ್ಣ ಬೇಕಾದ್ರೆ ಅರಿಶಿನ. ಎರಡು ಕಂಬಕ್ಕೆ ದಾರ ಬಿಗಿದು, ಬಟ್ಟೆಯಲ್ಲಿ ಗಂಜಿ ಅದ್ದಿ ಒಂದೇ ಸಲ ಎಳೀರಿ. ಎರಡನೇ ಕೋಟ್ ಹಾಕಿದರೆ ದಾರ ಕಡ್ಡಿ ಹಾಗಾಗಿ ಉಂಡೆಯಲ್ಲಿ ಮುರಿಯುತ್ತೆ. ಅರ್ಧ ಗಂಟೆ ಬಿಸಿಲು. ದಾರ ಗಟ್ಟಿಯಾಗುತ್ತೆ, ಸಿಕ್ಕಾಗಲ್ಲ, ಯಾರ ಕುತ್ತಿಗೆಯೂ ಕೊಯ್ಯಲ್ಲ.

#10 ಮೋರಿಕಟ್ಟೆ

#8, ಈ ಎಳೆಯಲ್ಲಿ ಗಾಜಿನ ವಿಚಾರ ಇಲ್ಲಿಗೆ ಮುಗೀತು.

#11 ಹೆಂಚಿನಚೂರು

ಲಗೋರಿಗೆ ಬಿಲ್ಲೆ ಏಳು. ಈಗ ಅಂಗಡಿಯಲ್ಲಿ ಪ್ಲಾಸ್ಟಿಕ್ ಸೆಟ್ ಸಿಗುತ್ತೆ, ಒಂದರ ಮೇಲೊಂದು ಕಚ್ಚಿಕೊಳ್ಳೋ ಹಾಗೆ ಮಾಡಿರ್ತಾರೆ. ಅದರಲ್ಲಿ ಆಟದ ಅರ್ಧ ಮಜಾ ಹೋಯ್ತು. ಜೋಡಿಸೋದು ಕಷ್ಟ ಆಗಿರಬೇಕು.

ವಠಾರದ ಮೇಲಿನ ಮಂಗಳೂರು ಹೆಂಚು ಒಡೆದಾಗ ಬೀಳೋ ಚೂರೇ ಸರಿಯಾದ ಸಾಮಾನು. ಗೀರು ಇರೋ ಅಡಿಭಾಗ ಬಿಟ್ಟು ಚಪ್ಪಟೆ ಭಾಗ ಆರಿಸಿ. ದೊಡ್ಡದು 10 ಸೆಂ.ಮೀ., ಚಿಕ್ಕದು 4 ಸೆಂ.ಮೀ. ಅಂಚನ್ನು ಸುತ್ತಿಗೆಯಿಂದ ಸಣ್ಣಗೆ ತಟ್ಟಿ ಉದುರಿಸಿ, ನೀರು ಹಾಕಿ ಕಲ್ಲಿಗೆ ಉಜ್ಜಿ. ಒಣಗಿದ್ದನ್ನು ಉಜ್ಜಿದರೆ ಧೂಳು ಕಣ್ಣಿಗೆ, ಮೂಗಿಗೆ.

ಚೆಂಡು: ಹಳೇ ಬಟ್ಟೆಯನ್ನು ಬಿಗಿಯಾಗಿ ಉಂಡೆ ಕಟ್ಟಿ ದಾರ ಸುತ್ತಿ, ಮೂರೂವರೆ ಸೆಂ.ಮೀ. ಗಾತ್ರಕ್ಕೆ ತನ್ನಿ. ಸೈಕಲ್ ಟ್ಯೂಬನ್ನು ಅಡ್ಡಡ್ಡ ಕತ್ತರಿಸಿ ಅರ್ಧ ಸೆಂ.ಮೀ. ಅಗಲದ ಬಳೆಗಳು, ಐವತ್ತಾದರೂ ಬೇಕು. ಒಂದೊಂದನ್ನೂ ಬೇರೆ ಬೇರೆ ದಿಕ್ಕಿಗೆ ಎಳೆದು ಹಾಕ್ತಾ ಹೋಗಿ. ಒಂದೇ ದಿಕ್ಕಿಗೆ ಹಾಕಿದರೆ ಚೆಂಡು ನಿಂಬೆಹಣ್ಣಿನ ಆಕಾರಕ್ಕೆ ತಿರುಗಿ ಎಲ್ಲೆಲ್ಲಿಗೋ ಹಾರುತ್ತೆ. ಆರು ಸೆಂ.ಮೀ. ಬಂದಾಗ ನಿಲ್ಲಿಸಿ. ಪ್ಯಾಚ್ ಹಾಕಿದ ಜಾಗದ ಬಳೆ ಬಿಸಾಡಿ, ಅಲ್ಲೇ ಹರಿಯೋದು.

ಜೋಡಿಸಿದ ಬಿಲ್ಲೆ ಗೋಪುರದಿಂದ ಎಸೆಯೋ ಗೆರೆಗೆ ನಾಲ್ಕರಿಂದ ಐದು ಮೀಟರ್, ಮೂರು ಎಸೆತ. ಬೆನ್ನಿಗೆ, ಕಾಲಿಗೆ ಮಾತ್ರ ಹೊಡೆಯಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಈ ಚೆಂಡು ಮುಖಕ್ಕೆ ಬಿದ್ದರೆ ಉರಿಯುತ್ತೆ.

ಹೆಂಚಿನ ಮನೆ ಕೆಡವಿ ಆರ್‌ಸಿಸಿ ಹಾಕಿದ ಮೇಲೆ ಗಲ್ಲಿಯಲ್ಲಿ ಬಿಲ್ಲೆಗೆ ಬರ. ಗ್ರಾನೈಟ್ ಚೂರು ಬಳಸಿ ನೋಡಿದೋರಿದ್ದಾರೆ. ಜಾರುತ್ತೆ, ಜೊತೆಗೆ ಅಂಚು ಬ್ಲೇಡು. ಬೇಡ.

#12 ವೈಫೈ ವಠಾರ

ಇಷ್ಟೆಲ್ಲ ಬರೆದ್ರೂ ಮಕ್ಕಳು ಆಡಲ್ಲ. ಮೊದಲು ಟಿವಿ ಕೊಂದಿತು, ಆಮೇಲೆ ಮೊಬೈಲ್.

#13 ಟಾರು ರೋಡು

ಈ ಮಾತನ್ನು ಒಪ್ಪಲ್ಲ. ಆಟ ಕೊಂದದ್ದು ನೆಲ. ಗಲ್ಲಿಯ ನೆಲ ಬದಲಾದ ಹಾಗೆ ಯಾವ ಆಟ ಹೋಯ್ತು ಅಂತ ಲೆಕ್ಕ ಹಾಕಿ ನೋಡಿ.

ಮಣ್ಣಿನ ರಸ್ತೆ ಇದ್ದಾಗ ಗೋಲಿಯ ಗುಳಿ. ಗುಳಿ ಅಂದ್ರೆ 5 ಸೆಂ.ಮೀ. ಅಗಲ, 3 ಸೆಂ.ಮೀ. ಆಳ. ಹಿಮ್ಮಡಿ ಊರಿ ಒಂದು ಸುತ್ತು ತಿರುಗಿದರೆ ಸಿದ್ಧ. ಮಳೆ ನಿಂತ ಮಾರನೇ ದಿನದ ಮಣ್ಣು ಶ್ರೇಷ್ಠ: ಅಂಚು ಕುಸಿಯಲ್ಲ, ಗೋಲಿ ಪುಟಿಯಲ್ಲ. ಮೂರು ಗುಳಿ ಆಟಕ್ಕೆ ಒಂದೇ ಗೆರೆಯಲ್ಲಿ ಒಂದೊಂದು ಮೀಟರ್ ಅಂತರ. ಹೊಡೆಯೋ ಕ್ರಮ: ಬಲಗೈ ಹೆಬ್ಬೆರಳು ನೆಲಕ್ಕೆ ಊರಿ, ಗೋಲಿಯನ್ನು ನಡುಬೆರಳ ತುದಿಗೆ ಒತ್ತಿ, ಎಡಗೈಯಿಂದ ಆ ಬೆರಳನ್ನು ಬಿಲ್ಲಿನ ಹಾಗೆ ಹಿಂದಕ್ಕೆ ಎಳೆದು ಬಿಡೋದು. ಹೆಬ್ಬೆರಳು ನೆಲ ಬಿಟ್ಟರೆ ಏಟು ಲೆಕ್ಕಕ್ಕಿಲ್ಲ. ಗುರಿ ತಪ್ಪೋದು ಬಹುತೇಕ ಬೆರಳು ಎಳೆದ ದಿಕ್ಕು ವಾರೆಯಾದಾಗ, ಕಣ್ಣು ತಪ್ಪಿ ಅಲ್ಲ.

ಟಾರು ಬಂತು: ಗುಳಿ ಹೋಯ್ತು. ಗೋಲಿ ಸೀಮೆಸುಣ್ಣದ ವೃತ್ತಕ್ಕೆ ಇಳೀತು, ಉರುಳಿ ಉರುಳಿ ಮೋರಿಗೆ ಬೀಳೋದು ಶುರುವಾಯ್ತು. ಬುಗುರಿ ಮಾತ್ರ ಟಾರಲ್ಲಿ ಇನ್ನೂ ಚೆನ್ನಾಗಿ ತಿರುಗಿತು, ಬೇಸಿಗೆ ಮಧ್ಯಾಹ್ನ ಬಿಟ್ಟು. ಮೆತ್ತಗಾದ ಟಾರಿಗೆ ಮೊಳೆ ಕಚ್ಚಿಕೊಳ್ಳುತ್ತೆ. ಕಾಂಕ್ರೀಟ್ ಬಂತು: ಬುಗುರಿ ಜಾರಿ ಓಡುತ್ತೆ, ಮೇಲಿಂದ ಬಿದ್ದರೆ ಮರ ಸೀಳುತ್ತೆ, ಲಗೋರಿ ಚೆಂಡು ಎರಡು ಪಟ್ಟು ಪುಟಿದು ಮೂರನೇ ಮನೆ ಕಿಟಕಿಗೆ. ಕಾಂಕ್ರೀಟಲ್ಲಿ ಬದುಕಿದ್ದು ಕುಂಟೆಬಿಲ್ಲೆ ಒಂದೇ.

ಕೊನೇದು ಕಾರು. ಗಲ್ಲಿ ಅಗಲ 10 ಅಡಿ, ಅಂದ್ರೆ ಮೂರು ಮೀಟರ್. ಒಂದು ಕಾರು ನಿಂತರೆ ಸುಮಾರು 1.7 ಮೀಟರ್ ಹೋಯ್ತು, ಕನ್ನಡಿ ಬೇರೆ. ಉಳಿದ ಒಂದೂಕಾಲು ಮೀಟರಲ್ಲಿ ಎರಡು ತಂಡ ಲಗೋರಿ ಆಡೋಕೆ ಆಗುತ್ತಾ? ಆಮೇಲೆ ಮಕ್ಕಳು ಮೊಬೈಲ್ ಹಿಡಿದರು.

ಅಂದ ಹಾಗೆ ಮೋರಿಯಿಂದ ಗೋಲಿ ಎತ್ತೋ ಕೋಲು: ತೆಂಗಿನ ಚಿಪ್ಪಿನ ಅರ್ಧ, ತಳಕ್ಕೆ ಐದಾರು ತೂತು (ಗೋಲಿಗಿಂತ ಚಿಕ್ಕದು), ಒಂದು ಮೀಟರ್ ಕೋಲಿಗೆ ವಾರೆಯಾಗಿ ಮೊಳೆ ಹೊಡೀರಿ. ಹರಿವಿಗೆ ಎದುರಾಗಿ ತಳಕ್ಕೆ ಒತ್ತಿ ಎಳೀಬೇಕು. ಈಗ ಮೋರಿ ಮೇಲೆ ಚಪ್ಪಡಿ ಮುಚ್ಚಿದ್ದಾರೆ, ಕೋಲಿಗೂ ಕೆಲಸ ಇಲ್ಲ. ಮುಚ್ಚಿದ್ದು ಒಳ್ಳೇದೇ, ಸೊಳ್ಳೆ ಲೆಕ್ಕದಲ್ಲಿ.

#14 ಮೂರನೇ ಪಾಳಿ

ನೆಲದ ಜೊತೆ ಹೊತ್ತನ್ನೂ ಸೇರಿಸಿ. ಮಿಲ್ಲು ಮೂರು ಪಾಳಿ ಓಡಿದ್ರೆ ವಠಾರದಲ್ಲಿ ಯಾವ ಹೊತ್ತಲ್ಲೂ ಯಾರಾದ್ರೂ ಒಬ್ಬರು ಮಲಗಿರ್ತಾರೆ. ಹತ್ತಡಿ ಕೋಣೆ, ಬಾಗಿಲೇ ಕಿಟಕಿ. ಅದಕ್ಕೇ ಹಗಲು ಸದ್ದಿಲ್ಲದ ಆಟ: ಚೌಕಾಬಾರ, ಕಲ್ಲಾಟ, ಅಳಿಗುಳಿಮಣೆ. ಸಂಜೆ ಮಿಲ್ ಸೈರನ್ ಕೂಗಿದ ಮೇಲೆ ಗದ್ದಲದ ಆಟ. "ಹೆಣ್ಣುಮಕ್ಕಳ ಆಟ, ಗಂಡುಮಕ್ಕಳ ಆಟ" ಅಂತ ಪುಸ್ತಕದಲ್ಲಿ ವಿಂಗಡಿಸ್ತಾರಲ್ಲ, ಈ ಗಲ್ಲಿಗಳಿಗೆ ಅದು ಅಷ್ಟು ಹೊಂದಲ್ಲ. ಮಲಗಿದವರ ಬಾಗಿಲ ಮುಂದೆ ಆಡೋದು, ಎದ್ದ ಮೇಲೆ ಆಡೋದು ಅಂತ ವಿಂಗಡಿಸಿದ್ರೆ ಹತ್ತಿರ.

#15 ನಲ್ಲಿಕಟ್ಟೆ

ಹಾಗಾದ್ರೆ ಚೌಕಾಬಾರ ಬರೆದುಬಿಡ್ತೀನಿ, ಜಗಲಿ ಕಲ್ಲಿನ ಮೇಲೆ ಇದ್ದಿಲ ಗೆರೆ ಸಾಕು.

ಐದಕ್ಕೈದು ಮನೆ. ನಾಲ್ಕೂ ಬದಿಯ ನಡುಮನೆಗೆ, ನಟ್ಟನಡುವಿನ ಹಣ್ಣಿನ ಮನೆಗೆ ಕತ್ತರಿ ಗುರುತು. ಇವು ಕಟ್ಟೆ, ಇಲ್ಲಿ ಕಾಯಿ ಹೊಡೆಯೋ ಹಾಗಿಲ್ಲ. ಹೊರಸುತ್ತು 16 ಮನೆ, ಒಳಸುತ್ತು 8, ನಡುವೆ 1. ಹೊರಗೆ ಅಪ್ರದಕ್ಷಿಣೆ, ಒಳಗೆ ಪ್ರದಕ್ಷಿಣೆ. ಒಬ್ಬೊಬ್ಬರಿಗೆ ನಾಲ್ಕು ಕಾಯಿ: ಬಳೆ ಚೂರು, ಹುಣಸೆ ಬೀಜ, ಕಡ್ಲೆಕಾಯಿ ಸಿಪ್ಪೆ, ಕಲ್ಲು, ಗುರುತು ಸಿಕ್ಕರೆ ಆಯ್ತು. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶ ಇಲ್ಲ.

ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆ ಬೀಜ. ಒಂದು ಮೈಯನ್ನು ನೀರು ಹಾಕಿ ಕಲ್ಲಿಗೆ ಉಜ್ಜಿ ಬಿಳಿ ಬರಿಸಿ. ಬಿಳಿ ಮೇಲೆ ಬಿದ್ದಷ್ಟು ಅಂಕ. ನಾಲ್ಕೂ ಬಿಳಿ ಚೌಕ, ನಾಲ್ಕು. ನಾಲ್ಕೂ ಕಪ್ಪು ಬಾರ, ಎಂಟು. ಎರಡಕ್ಕೂ ಇನ್ನೊಂದು ಸಲ ಹಾಕೋ ಅವಕಾಶ. ಬೀಜ ಅರ್ಧಕ್ಕಿಂತ ಹೆಚ್ಚು ತೇದರೆ ತೂಕ ಬದಲಾಗಿ ಒಂದೇ ಮೈ ಬೀಳೋಕೆ ಶುರುವಾಗುತ್ತೆ. ಕೆಲವರು ಬೇಕಂತಲೇ ಹಾಗೆ ತೇಯ್ತಾರೆ, ಆಡೋ ಮೊದಲು ಬೀಜ ನೋಡಿಕೊಳ್ಳಿ.

ಮಕ್ಕಳ ಪಾಲಿನ ಕೆಲಸ ಅಂದ್ರಲ್ಲ, ಮುಖ್ಯವಾದದ್ದು ಎರಡು. ನೀರು: ಕಾವೇರಿ ನೀರಿನ ಯೋಜನೆಯ ಮೊದಲ ಹಂತ ಊರಿಗೆ ಬಂದದ್ದು 1974ರಲ್ಲಿ, ಆದರೂ ವಠಾರದ ಒಳಗೆ ನಲ್ಲಿ ಬರೋವರೆಗೆ ಬೀದಿ ನಲ್ಲಿಯೇ. ಸಾಲಲ್ಲಿ ಬಿಂದಿಗೆ ಬದಲು ಕಲ್ಲಿಟ್ಟು ಜಾಗ ಹಿಡಿಯಬಹುದು, ಆದರೆ ನೀರು ಬಂದಾಗ ಕಲ್ಲಿನ ಯಜಮಾನ ಅಲ್ಲಿ ಇಲ್ಲದಿದ್ದರೆ ಸರದಿ ಹೋಯ್ತು. ಅದಕ್ಕೇ ಮಕ್ಕಳನ್ನು ಕಲ್ಲಿನ ಪಕ್ಕ ಕೂರಿಸೋದು.

ಎರಡನೇದು ಹೊಟ್ಟಿನ ಒಲೆ ತುಂಬೋದು. 10 ಲೀಟರ್ ಪೇಂಟ್ ಡಬ್ಬ, ತಳದ ಹತ್ತಿರ ಬದಿಗೆ 5 ಸೆಂ.ಮೀ. ತೂತು. ಡಬ್ಬದ ನಡುವೆ ಖಾಲಿ ಬಾಟಲಿ ನಿಲ್ಲಿಸಿ, ತೂತಿನಿಂದ ಬಾಟಲಿ ಬುಡಕ್ಕೆ ತಾಗೋ ಹಾಗೆ ಒಂದು ಗುಂಡನೆ ಕೋಲು. ಸಾ ಮಿಲ್ಲಿನ ಒಣ ಹೊಟ್ಟನ್ನು ನಾಲ್ಕು ಸಲ ಹಾಕಿ, ಪ್ರತಿ ಸಲವೂ ಗುದ್ದಿ ಗುದ್ದಿ ಕೂರಿಸಿ. ತುಂಬಿದ ಮೇಲೆ ಬಾಟಲಿಯನ್ನು ತಿರುಗಿಸ್ತಾ ಮೇಲಕ್ಕೆ, ಕೋಲನ್ನು ತಿರುಗಿಸ್ತಾ ಹೊರಕ್ಕೆ. ನೆಟ್ಟಗೆ ಎಳೆದರೆ ಗೋಡೆ ಕುಸಿಯುತ್ತೆ, ಮತ್ತೆ ಮೊದಲಿಂದ. ಕೆಳಗಿನ ತೂತಿನಿಂದ ಕಾಗದ ಹಚ್ಚಿ. ಚೆನ್ನಾಗಿ ಗುದ್ದಿದ್ದು ಎರಡು-ಮೂರು ಗಂಟೆ ಹೆಚ್ಚು ಹೊಗೆಯಿಲ್ಲದೆ ಉರಿಯುತ್ತೆ, ಹಂಡೆ ನೀರಿಗೆ ಸಾಕು. ಹೊಟ್ಟು ಹಸಿಯಿದ್ದರೆ ಬರೀ ಹೊಗೆ. ಹೊರಗೇ ಹಚ್ಚಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಹೊಗೆ ಕಾಣದಿದ್ದರೂ ಈ ಒಲೆಯ ವಿಷಗಾಳಿ ಪ್ರಾಣ ತೆಗೆಯುತ್ತೆ.

#16 ವೈಫೈ ವಠಾರ

ನೆಲದ ವಾದ ಒಪ್ಪಿದೆ. ನಮ್ಮ ಅಪಾರ್ಟ್‌ಮೆಂಟಲ್ಲಿ ಪೂರ್ತಿ ಟೈಲ್ಸು. ಗೋಲಿ, ಬುಗುರಿಗೆ ಏನಾದ್ರೂ ದಾರಿ?

#17 ಟಾರು ರೋಡು

ಒಂದೂವರೆ ಮೀಟರ್ ಚೌಕಕ್ಕೆ ಇಟ್ಟಿಗೆ ಅಡ್ಡ ಮಲಗಿಸಿ ಅಂಚು ಕಟ್ಟಿ, ಒಳಗೆ ಹಳೇ ಫ್ಲೆಕ್ಸ್ ಹಾಸಿ. 5 ಸೆಂ.ಮೀ. ಮಣ್ಣು ಬೇಕು. ಮೂರು ಪಾಲು ಕೆಮ್ಮಣ್ಣಿಗೆ ಒಂದು ಪಾಲು ಮರಳು. ಬರೀ ಕೆಮ್ಮಣ್ಣಾದರೆ ಒಣಗಿದಾಗ ಬಾಯಿ ಬಿಡುತ್ತೆ. ನೀರು ಚಿಮುಕಿಸಿ, ಹಲಗೆ ಇಟ್ಟು ಮೇಲೆ ನಿಂತು ತುಳೀರಿ, ಎರಡು ದಿನ ಬಿಡಿ. ಮೂರು ಗುಳಿಯನ್ನು ಮೂಲೆಯಿಂದ ಮೂಲೆಗೆ ತೋಡಿ, ಅಂತರ ಅರ್ಧ ಮೀಟರಿಗೆ ಇಳಿಸಿ. ಬುಗುರಿಗೂ ಇದೇ ಅಂಕಣ, ಆದರೆ ಗುಳಿ ಮುಚ್ಚಿ, ಮತ್ತೆ ತುಳಿದು.

#18 ವೈಫೈ ವಠಾರ

ಮಣ್ಣು ಎಷ್ಟು ಚೀಲ?

#19 ಹೆಂಚಿನಚೂರು

ಲೆಕ್ಕಕ್ಕೆ ಸಿಮೆಂಟ್ ಚೀಲದಲ್ಲಿ ಮೂರು ಚಿಲ್ಲರೆ. ತುಳಿದರೆ ಇಳಿಯುತ್ತೆ, ನಾಲ್ಕು ತರಿಸಿ. ಲಿಫ್ಟಲ್ಲಿ ಒಂದೊಂದೇ ಚೀಲ.